ಹದಿನೇಳನೇ ನಂಬರಿನ ಗೂಡು

ಅಪ್ಪನನ್ನು ನಾನು ಕಳೆದ ವರ್ಷ ಫೆಬ್ರವರಿಯಲ್ಲಿ ಸಾಯಿಸಿದೆ. ದೊಡ್ಡ ಕಾರಣವೇನಿಲ್ಲ, ನಿದ್ದೆ ಸಾಲುತ್ತಿರಲಿಲ್ಲ. ನಮ್ಮ ಆಫೀಸಿನಲ್ಲಿ ಜ್ವರ ಬಂದರೆ ಒಂದು ದಿನ ರಜ, ಅದನ್ನೂ ಮುಖ ಸಿಂಡರಿಸಿಕೊಂಡೇ ಕೊಡುತ್ತಾರೆ. ಅಪ್ಪ ಸತ್ತರೆ ಐದು ದಿನ, ಯಾರೂ ಕೆಮ್ಮುವುದಿಲ್ಲ. ಅರ್ಜಿಯಲ್ಲಿ 'ತಂದೆಯವರ ನಿಧನ' ಎಂದು ಬರೆದುಕೊಟ್ಟು, ಐದು ದಿನವೂ ಕೋಣೆಯಲ್ಲಿ ಬಿದ್ದುಕೊಂಡು, ಎಚ್ಚರಾದಾಗ ಕಪ್ ನೂಡಲ್ಸ್ ತಿಂದು, ಮತ್ತೆ ಮಗ್ಗುಲು ಬದಲಿಸಿ ಮಲಗಿದೆ. ವಾಪಸು ಹೋದಾಗ ಎಲ್ಲರೂ ಸೇರಿ ದುಡ್ಡು ಹಾಕಿ, ಕಪ್ಪು ಬಿಳಿ ದಾರ ಕಟ್ಟಿದ ಸಂತಾಪದ ಲಕೋಟೆಯಲ್ಲಿಟ್ಟು ಕೊಟ್ಟರು. ಎರಡೂ ಕೈ ಚಾಚಿ ತೆಗೆದುಕೊಂಡು ಸೊಂಟ ಬಗ್ಗಿಸಿದೆ. ಮಲಗಿ ಮಲಗಿ ಕಣ್ಣು ಊದಿದ್ದರಿಂದ ಅತ್ತವನ ಹಾಗೇ ಕಾಣುತ್ತಿದ್ದೆ. ಸಾವಾದ ಮನೆ ಎಂದು ಆ ಸಲ ಯಾರೂ ನನಗೆ ಹೊಸ ವರ್ಷದ ಕಾರ್ಡು ಕಳಿಸಲಿಲ್ಲ, ನಾನೂ ಯಾರಿಗೂ ಬರೆಯಬೇಕಾಗಲಿಲ್ಲ. ಒಟ್ಟಿನಲ್ಲಿ ಅಪ್ಪ ಬದುಕಿದ್ದಾಗ ಕೊಟ್ಟದ್ದಕ್ಕಿಂತ ಸತ್ತು ಕೊಟ್ಟ ಸುಖವೇ ಹೆಚ್ಚು ಎನ್ನಬೇಕು.

ನಿಜವಾದ ಅಪ್ಪ ಗುಂಡುಕಲ್ಲಿನ ಹಾಗೆ ಅಮಗಾಸಾಕಿಯಲ್ಲಿ ಇದ್ದ. ಒಸಾಕಾದ ಉಮೆದಾದಲ್ಲಿರುವ ನಮ್ಮ ಆಫೀಸಿನಿಂದ ಅಲ್ಲಿಗೆ ಟ್ರೈನಿನಲ್ಲಿ ಹದಿನೈದು ನಿಮಿಷ. ಆ ಹದಿನೈದು ನಿಮಿಷದ ದಾರಿಯನ್ನು ನಾನು ಆರು ವರ್ಷದಿಂದ ತುಳಿದಿರಲಿಲ್ಲ.

ನಮ್ಮದು ಕಾಸು ಕೊಟ್ಟು ಮೀಯುವ ಸಾರ್ವಜನಿಕ ಸ್ನಾನದ ಮನೆ. ಮಿನೋಯು ಎಂದು ಹೆಸರು. ತಾತ ಕಟ್ಟಿಸಿದ್ದು, ಅಪ್ಪ ನಡೆಸುತ್ತಿದ್ದದ್ದು, ಹಿರಿಯ ಮಗನಾದ ನಾನು ನಡೆಸಬೇಕಾಗಿದ್ದದ್ದು. ಮನೆಯಲ್ಲಿ ಬಚ್ಚಲಿಲ್ಲದ ಕಾಲದಲ್ಲಿ ಇಡೀ ಬೀದಿ ನಮ್ಮಲ್ಲಿಗೆ ಬಂದು ಮೈ ತೊಳೆದುಕೊಳ್ಳುತ್ತಿತ್ತು. ಈಗ ಬರುವವರು ಎಂಬತ್ತು ದಾಟಿದ ಮುದುಕರು, ಬಿಸಿನೀರಿನಲ್ಲಿ ಕತ್ತಿನವರೆಗೆ ಕೂತು ಕಾಯಿಲೆಗಳ ಪಟ್ಟಿ ಓದುವವರು. ಇಪ್ಪತ್ತೇಳನೇ ವಯಸ್ಸಿನವರೆಗೆ ನಾನು ಅಲ್ಲಿ ಬಾಯ್ಲರಿಗೆ ಸೌದೆ ಹಾಕಿದೆ. ಒಂದು ದಿನ ಅಪ್ಪ ಮುಂಬಾಗಿಲ ಗಲ್ಲಾಪೆಟ್ಟಿಗೆಯ ಮುಂದೆ ಕೂತು, "ಮುಂದಿನ ತಿಂಗಳಿಂದ ಇಲ್ಲಿ ನಮ್ಮ ಯೋಹೇಯಿ ಕೂರ್ತಾನೆ" ಎಂದು ಮುದುಕರಿಗೆಲ್ಲ ಸಾರುತ್ತಿದ್ದದ್ದು ಬಾಯ್ಲರ್ ಕೋಣೆಯವರೆಗೂ ಕೇಳಿಸಿತು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಬೇಡ ಎನ್ನಬೇಕಿತ್ತು. ಮುಖ ನೋಡಿ ಬೇಡ ಎನ್ನುವುದಕ್ಕಿಂತ ಕಾಲಿಗೆ ಬುದ್ಧಿ ಹೇಳುವುದೇ ಸುಲಭ ಅನ್ನಿಸಿತು. ನನ್ನ ಷೂ ಮುಂಬಾಗಿಲ ಹತ್ತಿರ ಇತ್ತು, ಮುಂಬಾಗಿಲಲ್ಲಿ ಅಪ್ಪ ಇದ್ದ. ಹಾಗಾಗಿ ಹಿಂಬಾಗಿಲಿನಿಂದ, ಬಾಯ್ಲರ್ ಕೋಣೆಯ ರಬ್ಬರ್ ಬೂಟಿನಲ್ಲೇ ಸ್ಟೇಷನ್ನಿಗೆ ಓಡಿದೆ.

ಷೂ ಅಲ್ಲೇ ಗೂಡಿನಲ್ಲಿ ಉಳಿಯಿತು. ನಮ್ಮ ಸ್ನಾನದ ಮನೆಗಳಲ್ಲಿ ಬಾಗಿಲ ಪಕ್ಕ ಚಪ್ಪಲಿ ಇಡುವ ಮರದ ಗೂಡುಗಳ ಸಾಲಿರುತ್ತದೆ. ಒಂದೊಂದಕ್ಕೂ ಅಂಗೈಯಗಲದ ಮರದ ಹಲಗೆಯೇ ಬೀಗದಕೈ. ಎಳೆದುಕೊಂಡರೆ ಬೀಗ ಬೀಳುತ್ತದೆ, ತೂರಿಸಿದರೆ ತೆರೆಯುತ್ತದೆ. ಹದಿನೇಳು ಎಂದು ಕೊರೆದ ಹಲಗೆ ಆವತ್ತು ನನ್ನ ಜೇಬಿನಲ್ಲಿತ್ತು. ಆರು ವರ್ಷದಿಂದ ಅದು ನನ್ನ ಕೀಲಿಗೊಂಚಲಿನಲ್ಲೇ ನೇತಾಡುತ್ತಿದೆ, ಎಸೆಯಲು ಕೈ ಬಂದಿಲ್ಲ.

ಈಗ ನಾನು ಮಾಡುವ ಕೆಲಸವೆಂದರೆ ಬೇರೆಯವರ ಕೆಲಸ ಬಿಡಿಸುವುದು. ಕಂಪನಿಯ ಹೆಸರು ಆಶಿತಕರ, ಅಂದರೆ 'ನಾಳೆಯಿಂದ'. ನಾಳೆಯಿಂದ ಹೋಗಬೇಡಿ, ನಿಮ್ಮ ಪರವಾಗಿ ನಾವು ಹೇಳುತ್ತೇವೆ ಎನ್ನುವುದೇ ನಮ್ಮ ವ್ಯಾಪಾರ. ನಮ್ಮ ಗಿರಾಕಿಗಳು ಹೆಚ್ಚಾಗಿ ಇಪ್ಪತ್ತೈದರಿಂದ ಮೂವತ್ತೈದರ ಗಂಡಸರು. ಕಾಲೇಜಿನಲ್ಲಿ ಜೂಡೋ ಆಡಿ ಎದುರಾಳಿಯನ್ನು ನೆಲಕ್ಕೆ ಕುಕ್ಕಿದವರು ಬಾಸಿನ ಮುಂದೆ ನಿಂತು 'ನಾನು ಕೆಲಸ ಬಿಡ್ತೀನಿ' ಎನ್ನಲಾರದೆ ನಮಗೆ ದುಡ್ಡು ಕೊಡುತ್ತಾರೆ. ಒಬ್ಬ ತನ್ನ ಆಫೀಸಿನ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ಕೂತು, ನಾನು ಅವನ ಬಾಸಿಗೆ ಫೋನು ಮಾಡಿ ಮುಗಿಸುವವರೆಗೂ ಹೊರಗೆ ಬರಲಿಲ್ಲ. ಇನ್ನೊಬ್ಬನಿಗೆ ನಮಗೆ ಫೋನು ಮಾಡುವುದಕ್ಕೂ ಧೈರ್ಯವಿರಲಿಲ್ಲ, ಅವನ ಅಮ್ಮ ಮಾಡಿದಳು. ನಗುವುದಕ್ಕೆ ನನಗೇನೂ ಯೋಗ್ಯತೆಯಿಲ್ಲ, ನನ್ನ ರಬ್ಬರ್ ಬೂಟು ಇನ್ನೂ ಮಂಚದ ಕೆಳಗಿದೆ. ಬಾಸುಗಳು ಹೆಸರು ಹಿಡಿದು ಕಾಟ ಕೊಡಬಾರದೆಂದು ಫೋನಿನಲ್ಲಿ ಆಫೀಸಿನ ಹನ್ನೆರಡು ಜನಕ್ಕೂ ಒಂದೇ ಹೆಸರು, ಸಾತೋ.

ಮೊನ್ನೆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಹೊಸ ಅರ್ಜಿ ನನ್ನ ಕಂಪ್ಯೂಟರಿಗೆ ಬಂದು ಬಿತ್ತು. ಹೆಸರು: ನಿಶಿಬೋರಿ ಶಿಂಗೊ. ವಯಸ್ಸು: ಇಪ್ಪತ್ತೆಂಟು. ಸಂಸ್ಥೆ: ಮಿನೋಯು ಸ್ನಾನದ ಮನೆ. ಮೇಲಧಿಕಾರಿ: ನಿಶಿಬೋರಿ ಕಾಂಜಿ. ಮೇಲಧಿಕಾರಿಯೊಂದಿಗೆ ಸಂಬಂಧ: ತಂದೆ. ಬಿಡಲು ಕಾರಣ: ಒಣಗಬೇಕು.

ನನ್ನ ತಮ್ಮ. ನಾನು ಓಡಿ ಬಂದಾಗ ಅವನಿಗೆ ಇಪ್ಪತ್ತೆರಡು. ಬಾಯ್ಲರಿನ ಮುಂದೆ ಬೇಯಬೇಕಾದವನು, ಟೈಲ್ಸು ಉಜ್ಜಿ ಉಜ್ಜಿ ಬೆರಳು ಸುಕ್ಕಾಗಬೇಕಾದವನು ನಾನು. ನನ್ನ ಬದಲಿಗೆ ಅವನು ಆರು ವರ್ಷ ನೆನೆದಿದ್ದ. 'ಒಣಗಬೇಕು' ಎನ್ನುವ ಆ ಒಂದು ಪದವನ್ನು ಮತ್ತೆ ಮತ್ತೆ ಓದಿದೆ. ನಾನು ಇಲ್ಲಿ ಕೆಲಸ ಮಾಡುವುದು ಅವನಿಗೆ ಗೊತ್ತಿರಲಿಲ್ಲ, ಜಾಹೀರಾತು ನೋಡಿ ಅರ್ಜಿ ತುಂಬಿದ್ದ ಅಷ್ಟೆ.

ಹಿಂದಿನಿಂದ ಮಿಕುರಿಯಾ ಮೇಡಂ ಇಣುಕಿದರು. ನನ್ನ ಬಾಸು. ನನಗಿಂತ ಆರು ವರ್ಷ ಚಿಕ್ಕವರು, ಟೋಕಿಯೋದವರು, ಕಣ್ಣು ಹದ್ದಿನದು.

"ಏನ್ರೀ ಇದು, ನಿಮ್ಮ ಮನೆತನದ ಹೆಸರೇ ಇದೆಯಲ್ಲ. ನೆಂಟರಾ?"

"ಅಯ್ಯೋ ಮೇಡಂ, ಅಮಗಾಸಾಕೀಲಿ ಒಂದು ಕಲ್ಲೆಸೆದ್ರೆ ಮೂರು ಜನ ನಿಶಿಬೋರಿಗಳ ತಲೆಗೆ ತಾಗುತ್ತೆ."

"ಹಾಗಾದ್ರೆ ನೀವೇ ಮಾಡಿ. ಮಗ ಅಪ್ಪಂಗೆ ರಾಜೀನಾಮೆ ಕೊಡೋ ಕೇಸು ನಮಗಿದೇ ಮೊದಲ್ನೇದು. ಸ್ಪೀಕರ್ ಹಾಕಿ, ನಾನೂ ಕೇಳ್ತೀನಿ."

"ಬೇರೆ ಯಾರಿಗಾದ್ರೂ ಕೊಟ್ರೆ..."

"ಯಾಕೆ, ಅಪ್ಪಂದಿರು ಅಂದ್ರೆ ಭಯಾನಾ?" ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. "ಸಾರಿ. ನಿಮ್ಮ ತಂದೆ ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ. ಸಂಕಟ ಆದ್ರೆ ಬೇಡ ಬಿಡಿ."

"ಇಲ್ಲ ಇಲ್ಲ ಮೇಡಂ. ಅವರು ಚೆನ್ನಾಗಿ ಬಾಳಿ ಬದುಕಿ ಹೋದ್ರು."

ಇಷ್ಟು ಹೇಳಿದ ಮೇಲೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಸ್ಪೀಕರಿನಲ್ಲಿ ಅಪ್ಪ ನನ್ನ ದನಿ ಗುರುತು ಹಿಡಿದು 'ಯೋಹೇಯಿ' ಎಂದರೆ ನನ್ನ ಕೆಲಸ ಹೋಗುತ್ತದೆ. ಗುರುತು ಹಿಡಿಯದಿದ್ದರೆ ಅದು ಕೆಲಸ ಹೋಗುವುದಕ್ಕಿಂತ ಕೆಟ್ಟದ್ದು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ನಂಬರು ಒತ್ತಿದೆ. ಒತ್ತಿದ ಮೇಲೆ ಗೊತ್ತಾಯಿತು, ಅರ್ಜಿಯಲ್ಲಿದ್ದ ನಂಬರನ್ನು ನಾನು ನೋಡಿಯೇ ಇರಲಿಲ್ಲ. ಮೇಡಂ ಅದನ್ನು ಗಮನಿಸಿದರು.

"ಮಿನೋಯು. ಮೂರು ಗಂಟೆಗೆ ತೆಗೀತೀವಿ," ಎಂದಿತು ಆ ಕಡೆಯ ದನಿ. ಆರು ವರ್ಷದ ಹಿಂದೆಯೂ ಫೋನೆತ್ತಿದರೆ ಇಷ್ಟೇ ಅನ್ನುತ್ತಿದ್ದದ್ದು.

ದನಿಯನ್ನು ಮೂಗಿಗೆ ಏರಿಸಿಕೊಂಡೆ. "ನಮಸ್ಕಾರ. ಆಶಿತಕರ ಸಂಸ್ಥೆಯಿಂದ ಸಾತೋ ಮಾತಾಡ್ತಿದೀನಿ. ತಮ್ಮಲ್ಲಿ ಕೆಲಸ ಮಾಡ್ತಿರೋ ನಿಶಿಬೋರಿ ಶಿಂಗೊ ಅವರ ಪರವಾಗಿ ಫೋನ್ ಮಾಡಿರೋದು. ಅವರು ರಾಜೀನಾಮೆ ಕೊಡ್ತಿದಾರೆ, ಇವತ್ತಿಂದ ಕೆಲಸಕ್ಕೆ ಬರಲ್ಲ. ದಯವಿಟ್ಟು ಅವರನ್ನ ನೇರವಾಗಿ ಸಂಪರ್ಕಿಸಬೇಡಿ."

ಆ ಕಡೆ ಬಕೆಟ್ಟು ಕೆಳಗಿಟ್ಟ ಸದ್ದು. ಬೆಳಿಗ್ಗೆ ಟೈಲ್ಸು ಉಜ್ಜುವ ಹೊತ್ತು ಅದು. ಆಮೇಲೆ ಬರೀ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಈ ಹಂತದಲ್ಲಿ ಬಾಸುಗಳು ಕೂಗಾಡುತ್ತಾರೆ, ಕೆಲವರು ಅಳುತ್ತಾರೆ, ಗಂಡಸಾದರೆ ಎದುರಿಗೆ ಬಂದು ಹೇಳಲಿ ಎನ್ನುತ್ತಾರೆ. ಎಲ್ಲಕ್ಕೂ ನಮ್ಮ ಹತ್ತಿರ ಸಿದ್ಧ ಉತ್ತರ ಇದೆ.

"ಊಟ ಮಾಡಿದಾನಂತಾ?" ಎಂದ ಅಪ್ಪ.

"ಏನು ಸಾರ್?"

"ಶಿಂಗೊ. ನಿನ್ನೆ ಸಂಜೆಯಿಂದ ಮನೇಲಿಲ್ಲ. ಏನಾದ್ರೂ ತಿಂದಿದಾನಂತಾ?"

"ಅದು... ನಮ್ಮ ಅರ್ಜೀಲಿ ಆ ಕಾಲಂ ಇಲ್ಲ ಸಾರ್."

"ಹಾಕಿಸಿ. ಒಳ್ಳೇ ಕಾಲಂ. ಕಾರಣ ಏನಂತೆ?"

"ವೈಯಕ್ತಿಕ ಕಾರಣಗಳು..."

"ಸಾತೋ ಅವರೇ, ಸುತ್ತಿ ಬಳಸಿ ಬೇಡ. ಏನು ಬರ್ದಿದಾನೋ ಅದನ್ನ ಓದಿ."

"ಒಣಗಬೇಕು, ಅಂತ."

ಅಪ್ಪ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಖಾಲಿ ಬಚ್ಚಲೆಲ್ಲ ಮೊಳಗುವ ಹಾಗೆ. "ಸರಿ, ಒಪ್ಕೊಂಡೆ. ಅವನ ಜಾಗದಲ್ಲಿ ನಾನಿದ್ರೂ ಅದನ್ನೇ ಬರೀತಿದ್ದೆ."

ಅಷ್ಟೇ. ನನಗೆ ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಇಷ್ಟು ಸಲೀಸಾಗಿ ಒಪ್ಪುವ ಮನುಷ್ಯನಿಗೆ ಹೆದರಿ ನಾನು ರಬ್ಬರ್ ಬೂಟಿನಲ್ಲಿ ಓಡಿದೆನೇ? ಆರು ಹೊಸ ವರ್ಷಗಳನ್ನು ಒಬ್ಬನೇ ಟೀವಿ ಮುಂದೆ ಕೂತು ಕಳೆದೆನೇ?

"ಇಷ್ಟು ಬೇಗ ಒಪ್ಕೊಂಡುಬಿಟ್ರಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಅದು ನಮ್ಮ ಸಿದ್ಧ ಮಾತುಗಳಲ್ಲಿ ಇರಲಿಲ್ಲ.

"ಎರಡು ವರ್ಷದಿಂದ ಮುಚ್ಚಬೇಕು ಅಂತಿದೀನಿ ಕಣ್ರೀ. ಬಾಯ್ಲರು ದಮ್ಮು ಬಂದೋರ ಹಾಗೆ ಕೆಮ್ಮುತ್ತೆ. ನನ್ನ ಸೊಂಟಾನೂ ಹೋಗಿದೆ. ಶಿಂಗೊ ಇದಾನಲ್ಲ, ಅವನ ಹೊಟ್ಟೆಪಾಡಿಗೆ ಬೇಕಲ್ಲ ಅಂತ ನಡೆಸ್ತಿದ್ದೆ. ಅಪ್ಪ ಒಬ್ಬನೇ ಆಗ್ತಾನೆ ಅಂತ ಅವನು ಇದ್ನೇನೋ."

"ಒಂದು ಮಾತು ಕೇಳಬಹುದಿತ್ತು."

"ಕೇಳಬಹುದಿತ್ತು. ನಮ್ಮ ಮನೇಲಿ ಯಾರೂ ಕೇಳಲ್ಲ, ಯಾರೂ ಹೇಳಲ್ಲ. ಬಾಡಿಗೆ ಬಾಯಿ ತರಿಸಬೇಕು." ಆಮೇಲೆ ಅಂದ, "ಸಾತೋ ಅವರೇ, ನೀವು ಕೆಲಸ ಬಿಡಿಸೋರು ತಾನೆ? ನಂದೂ ಬಿಡಿಸಿ."

ಮೇಡಂ ಕಣ್ಣು ಅಗಲವಾಯಿತು. ಒಂದು ಚೀಟಿಯಲ್ಲಿ 'ತಗೊಳ್ಳಿ!!' ಎಂದು ಗೀಚಿ ನನ್ನ ಮೂಗಿನ ಮುಂದೆ ಹಿಡಿದರು.

"ನಿಮ್ಮ ಮೇಲಧಿಕಾರಿ ಯಾರು ಸಾರ್?"

"ನಮ್ಮಪ್ಪ."

"ಅವರು ಈಗ..."

"ಸತ್ತು ಹನ್ನೊಂದು ವರ್ಷ ಆಯ್ತು. ಮಹಡಿ ಮೇಲೆ ಹಿರಿಯರ ಮಂಟಪದಲ್ಲಿದಾರೆ. ದಿನಾ ಬೆಳಿಗ್ಗೆ ಅನ್ನ ಇಡುವಾಗ ಹೇಳಿಬಿಡೋಣ ಅಂದ್ಕೋತೀನಿ. ಆ ಫೋಟೋ ನೋಡಿದ್ರೆ ನಾಲಿಗೆ ಅಂಟಿಕೊಳ್ಳುತ್ತೆ. ನಂಗೆ ಅರವತ್ತನಾಲ್ಕು ಈಗ."

ತಾತನ ಫೋಟೋ ನನಗೆ ಗೊತ್ತು. ಯಾರೋ ಸೋಪು ಕದ್ದದ್ದನ್ನು ನೋಡುತ್ತಿರುವವನ ಮುಖ. ಬದುಕಿದ್ದಾಗ ಅಪ್ಪನ ತಲೆಗೆ ಮರದ ಚೊಂಬಿನಲ್ಲಿ ಕುಟ್ಟುತ್ತಿದ್ದ, ಅಪ್ಪನಿಗೆ ಮದುವೆಯಾಗಿ ನಾವು ಹುಟ್ಟಿದ ಮೇಲೂ. ಆಗ ನನಗೆ ತಿಳಿಯಿತು, ನಮ್ಮ ಮನೆಯಲ್ಲಿ ಓಡಿಹೋದ ಮೊದಲ ಹೇಡಿ ನಾನಾದರೂ, ಹೆದರಿದ ಮೊದಲನೆಯವನು ನಾನಲ್ಲ. ಅಪ್ಪ ಹೆದರಿಕೊಂಡು ಅಲ್ಲೇ ಕೂತ, ನಾನು ಹೆದರಿಕೊಂಡು ಓಡಿದೆ.

"ಮೇಲಕ್ಕೆ ಹೋಗ್ತೀರಾ ಸಾರ್? ಫೋನನ್ನ ಅವರ ಮುಂದೆ ಇಡಿ," ಎಂದೆ.

ಮೆಟ್ಟಿಲು ಹತ್ತುವಾಗ ಅಪ್ಪ ಎರಡು ಕಡೆ ನಿಂತು ಉಸ್ಸೆಂದ. ಚಾಪೆಯ ಮೇಲೆ ಮಂಡಿಯೂರಿದ ಸದ್ದು, ಬೆಂಕಿಕಡ್ಡಿ ಗೀರಿದ್ದು, ಚಿಕ್ಕ ಗಂಟೆ ಟಿಂಗ್ ಎಂದದ್ದು, ಎಲ್ಲ ಸ್ಪೀಕರಿನಲ್ಲಿ ಕೇಳಿಸಿತು. ಆಫೀಸಿನ ಉಳಿದ ಹತ್ತು ಸಾತೋಗಳೂ ತಮ್ಮ ಫೋನು ಕೆಳಗಿಟ್ಟು ನಮ್ಮ ಕಡೆ ತಿರುಗಿ ಕೂತಿದ್ದರು.

"ಹೇಳಿ. ಪಕ್ಕದಲ್ಲಿ ನನ್ನ ಹೆಂಡ್ತೀನೂ ಇದಾಳೆ, ಸಾಕ್ಷಿಗೆ."

ಅಮ್ಮ ಹೋಗಿ ಹದಿನೇಳು ವರ್ಷ. ಅವಳ ಫೋಟೋ ತಾತನ ಪಕ್ಕದಲ್ಲೇ ಇರುವುದನ್ನು ಮರೆತಿದ್ದೆ. ದನಿಯನ್ನು ಮತ್ತೆ ಮೂಗಿಗೆ ಏರಿಸಿಕೊಂಡು ನಮ್ಮ ಸಿದ್ಧ ಮಾತು ಓದಿದೆ.

"ನಿಶಿಬೋರಿ ತೊಮೆಜಿ ಅವರಿಗೆ ನಮಸ್ಕಾರ. ಆಶಿತಕರ ಸಂಸ್ಥೆಯಿಂದ ಸಾತೋ ಮಾತಾಡ್ತಿದೀನಿ. ತಮ್ಮಲ್ಲಿ ನಲವತ್ತೆರಡು ವರ್ಷದಿಂದ ಕೆಲಸ ಮಾಡ್ತಿರೋ ನಿಶಿಬೋರಿ ಕಾಂಜಿ ಅವರು ರಾಜೀನಾಮೆ ಕೊಡ್ತಿದಾರೆ. ಈ ತಿಂಗಳು ಮುಗಿದ ಮೇಲೆ ಅವರು ಕೆಲಸಕ್ಕೆ ಬರಲ್ಲ. ದಯವಿಟ್ಟು ಅವರನ್ನ ನೇರವಾಗಿ ಸಂಪರ್ಕಿಸಬೇಡಿ. ಕನಸಲ್ಲಿ ಬರೋದೂ ಬೇಡ. ಚೊಂಬು ಅಂತೂ ಬೇಡವೇ ಬೇಡ." ಅಲ್ಲಿಗೆ ನಿಲ್ಲಿಸಬೇಕಿತ್ತು. ಆಗಲಿಲ್ಲ. "ಅವನ ಸೊಂಟ ಹೋಗಿದೆ ತಾತ. ಬಿಟ್ಟುಬಿಡು ಅವನನ್ನ."

ಮೇಡಂ ತಲೆ ನಿಧಾನಕ್ಕೆ ನನ್ನ ಕಡೆ ತಿರುಗಿತು.

ಆ ಕಡೆ ಚಿಕ್ಕ ಗಂಟೆ ಇನ್ನೊಮ್ಮೆ ಟಿಂಗ್ ಎಂದಿತು. ಆಮೇಲೆ ಅಪ್ಪ ಗಂಟಲು ಸರಿ ಮಾಡಿಕೊಂಡ. "ಬೈಲಿಲ್ಲ. ಒಪ್ಕೊಂಡ ಅನ್ಸುತ್ತೆ."

"ಅಭಿನಂದನೆಗಳು ಸಾರ್."

"ಇನ್ನೊಂದು ವಿಷಯ ಸಾತೋ ಅವರೇ. ಮುಚ್ಚೋಕೆ ಮುಂಚೆ ಗೂಡೆಲ್ಲ ಖಾಲಿ ಆಗ್ಬೇಕು. ಹದಿನೇಳನೇ ನಂಬರಿನವನೊಬ್ಬ ಆರು ವರ್ಷದಿಂದ ಒಳಗಿದಾನೆ. ಮುದುಕರು ಕೇಳ್ತಾರೆ, ಯಾರಪ್ಪ ಅದು, ಇನ್ನೂ ನೀರಿಂದ ಎದ್ದಿಲ್ವಾ ಅಂತ. ಏಳ್ತಾನೆ, ಅವನಿಗೆ ಬಿಸಿ ಜಾಸ್ತಿ ಬೇಕು, ನಿಧಾನ ಅಂತೀನಿ. ನಿಮ್ಮ ಕೆಲಸದಲ್ಲಿ ಅಂಥೋರು ಸಿಕ್ತಾರಲ್ಲ, ಸಿಕ್ಕಿದ್ರೆ ಹೇಳಿ. ಹಲಗೆ ತಗೊಂಡು ಬರಲಿ."

ಫೋನು ಇಟ್ಟುಬಿಟ್ಟ.

ಮೇಡಂ ನನ್ನ ಮೇಜಿನ ಮೇಲಿದ್ದ ಕೀಲಿಗೊಂಚಲನ್ನು ಒಂದು ಬೆರಳಿನಲ್ಲಿ ತಿರುಗಿಸಿ ಹದಿನೇಳು ಎನ್ನುವುದನ್ನು ಓದಿದರು. "ಸತ್ತೋರು ತುಂಬಾ ಸ್ಪಷ್ಟವಾಗಿ ಮಾತಾಡ್ತಾರೆ," ಎಂದರು.

"ಲಕೋಟೆ ವಾಪಸು ಕೊಡ್ತೀನಿ ಮೇಡಂ."

"ಕೊಡಲೇಬೇಕು. ನಾನು ಆ ದಿನ ಅತ್ತಿದ್ದೆ ಕಣ್ರೀ, ಅದನ್ನ ಹೇಗೆ ವಾಪಸು ಕೊಡ್ತೀರಿ?" ಎದ್ದು ನಿಂತು ಸೊಂಟ ಬಗ್ಗಿಸಿದೆ. ಅವರು ಡ್ರಾಯರಿನಿಂದ ರಜದ ಅರ್ಜಿ ತೆಗೆದು ಮುಂದೆ ತಳ್ಳಿದರು. "ಮಧ್ಯಾಹ್ನದಿಂದ ಬೇಕು ತಾನೆ? ಕಾರಣ ಬರೀರಿ. ಈ ಸಲ ನಿಜ ಬರೀರಿ."

ಪೆನ್ನು ಹಿಡಿದು ಕೂತೆ. ಕೊನೆಗೆ 'ತಂದೆಯವರು ಬದುಕಿದ್ದಾರೆ' ಎಂದು ಬರೆದೆ. ಅವರು ಎರಡು ಸಲ ಓದಿ ಮುದ್ರೆ ಒತ್ತಿದರು. "ಇದಕ್ಕೆ ಅರ್ಧ ದಿನ ಮಾತ್ರ. ಸತ್ತಿದ್ರೆ ಐದು ಸಿಗ್ತಿತ್ತು."

ಹೊರಡುವ ಮುಂಚೆ ಶಿಂಗೊಗೆ ಸಂದೇಶ ಕಳಿಸಬೇಕಿತ್ತು, ಅದು ನಿಯಮ. 'ನಿಮ್ಮ ರಾಜೀನಾಮೆ ಸ್ವೀಕಾರವಾಗಿದೆ. ಊಟ ಮಾಡಿದಿರಾ ಎಂದು ಮೇಲಧಿಕಾರಿ ಕೇಳಿದ್ದಾರೆ. ಇಂತಿ ಸಾತೋ.' ತಕ್ಷಣ ಉತ್ತರ ಬಂತು: 'ಉಡೋನ್ ನೂಡಲ್ಸ್ ಎರಡು ಬಟ್ಟಲು ತಿಂದೆ. ಬೈಲಿಲ್ವಾ?' ಇಲ್ಲ ಎಂದೆ. ಐದು ನಿಮಿಷ ಬಿಟ್ಟು ಇನ್ನೊಂದು ಬಂತು: 'ಸ್ವಲ್ಪ ಬೈಬೋದಿತ್ತು.'

ಮೂರು ಗಂಟೆಗೆ ಸರಿಯಾಗಿ ನಾನು, ತೆರೆದಿದೆ ಎನ್ನುವುದಕ್ಕೆ ಬಾಗಿಲಿಗೆ ತೂಗುಹಾಕುವ ಪರದೆ ಸರಿಸಿ ಮಿನೋಯುವಿನ ಒಳಗೆ ಹೋದೆ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಪೇಪರು ಹಿಡಿದು ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ಪೇಪರಿಗೆ ಹೋದ.

"ಸಾತೋ ಅವರಾ?"

"ಹೂಂ. ಯಾವಾಗ ಗೊತ್ತಾಯ್ತು?"

"ನಮಸ್ಕಾರ ಅಂದಾಗ್ಲೇ. ಮೂಗಲ್ಲಿ ಮಾತಾಡಿದ್ರೆ ಥೇಟು ನಿಮ್ಮಮ್ಮನ ದನಿ ನಿಂದು."

ಹದಿನೇಳಕ್ಕೆ ಹಲಗೆ ತೂರಿಸಿದೆ. ಆರು ವರ್ಷದ ಬೀಗ, ಜಗ್ಗಾಡಬೇಕಾದೀತು ಎಂದುಕೊಂಡಿದ್ದೆ. ಎಣ್ಣೆ ಹಾಕಿದ ಹಾಗೆ ತೆರೆಯಿತು. ಒಳಗೆ ನನ್ನ ಕಂದು ಷೂ ಪಾಲಿಶ್ ಹಾಕಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಆಕಾರ ಕೆಡದಿರಲೆಂದು ಒಳಗೆ ಪೇಪರು ತುರುಕಿತ್ತು. ಎಳೆದು ಬಿಡಿಸಿ ತಾರೀಖು ನೋಡಿದೆ. ಕಳೆದ ಶುಕ್ರವಾರದ್ದು.

ಎಲ್ಲ ಗೂಡಿಗೂ ಮಾಲೀಕನ ಹತ್ತಿರ ಇನ್ನೊಂದು ಹಲಗೆ ಇದ್ದೇ ಇರುತ್ತದೆ. ಸ್ನಾನದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಆರು ವರ್ಷ ನೆನಪಾಗಿರಲಿಲ್ಲ.

"ಇಲ್ಲಿ ತೇವ ಜಾಸ್ತಿ," ಎಂದ ಅಪ್ಪ ಪೇಪರಿನ ಹಿಂದಿನಿಂದಲೇ. "ವಾರಕ್ಕೊಂದು ಸಲ ಬದಲಾಯಿಸದಿದ್ರೆ ಬೂಷ್ಟು ಹಿಡಿಯುತ್ತೆ."

ಅಲ್ಲಿ ನಿಂತು ಅತ್ತುಬಿಟ್ಟೆ. ಈ ಸಲ ನಿದ್ದೆ ಹೆಚ್ಚಾಗಿ ಕಣ್ಣು ಊದಿರಲಿಲ್ಲ. ಅಪ್ಪ ಪುಟ ತಿರುಗಿಸಿದ. ಓದುತ್ತಿರಲಿಲ್ಲ, ಪೇಪರು ತಲೆಕೆಳಗಾಗಿತ್ತು.

"ಶಿಂಗೊ ಊಟ ಮಾಡಿದಾನಂತೆ. ಉಡೋನ್, ಎರಡು ಬಟ್ಟಲು."

"ಒಳ್ಳೇದು."

"ಅಪ್ಪ, ಕಳೆದ ವರ್ಷ ನಿನ್ನ ಸಾಯಿಸಿದ್ದೆ."

"ಯಾತಕ್ಕೆ?"

"ರಜಕ್ಕೆ."

"ಎಷ್ಟು ದಿನ ಕೊಟ್ರು?"

"ಐದು."

ಅಪ್ಪ ಪೇಪರು ಕೆಳಗಿಟ್ಟ. "ಪರವಾಗಿಲ್ಲ ಕಣೋ, ಒಳ್ಳೇ ಕಂಪನಿ. ನಿಮ್ಮ ತಾತ ಸತ್ತ ದಿನ ನಾನು ಮೂರು ಗಂಟೆಗೆ ಬಾಗಿಲು ತೆಗೆದಿದ್ದೆ. ನಿಮ್ಮಮ್ಮ ಹೋದ ದಿನಾನೂ." ಕಪಾಟಿನಿಂದ ಒಂದು ಟವೆಲ್ಲು ತೆಗೆದು ನನ್ನ ಕಡೆ ಎಸೆದ. "ನೀರು ಕಾದಿದೆ, ಹೋಗು. ನಾನೂ ಬರ್ತೀನಿ."

"ಇಲ್ಲಿ ಯಾರು ಕೂರ್ತಾರೆ?"

"ಯಾರೂ ಕೂರಲ್ಲ," ಎಂದು ಎದ್ದು, ಸೊಂಟ ಹಿಡಿದುಕೊಂಡು ಬಾಗಿಲಿಗೆ ಹೋಗಿ, ಪರದೆಯನ್ನು ಕಳಚಿ ಒಳಗೆ ತಂದಿಟ್ಟ.